ತಟ್ಟೆಯ ಸದ್ದು

"ನೀನೇ ಕರಿ ಅಕ್ಕಾ. ನಮ್ಮನ್ನ ಕಂಡ್ರೆ ಕೋಳಿಗಳು ದಿಕ್ಕಾಪಾಲಾಗಿ ಓಡ್ತವೆ," ಎಂದ ಪಶುವೈದ್ಯನಾಗಿದ್ದ ತಮ್ಮ. ಬಿಳಿ ನಿಲುವಂಗಿ ತೊಟ್ಟ ಅವನ ಸಹಾಯಕರು ಚೀಲ ಹಿಡಿದು ಹಿತ್ತಲ ಮೂಲೆಯಲ್ಲಿ ನಿಂತಿದ್ದರು. ಕೋಳಿಗಳು ಒಂದರ ಹಿಂದೊಂದು ಸತ್ತಾಗ ಕೇರಿಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ತಮ್ಮನಿಗೆ ಫೋನ್ ಮಾಡಿದವಳು ಅಕ್ಕ ಒಬ್ಬಳೇ. ಹಾಗೆ ಮಾಡಬೇಕೆಂದು ಹೇಳಿಕೊಟ್ಟವನೂ ಅವನೇ. ಪರೀಕ್ಷೆಯಲ್ಲಿ ಹಕ್ಕಿಜ್ವರ ಎಂದು ಖಚಿತವಾಗಿತ್ತು. ಇನ್ನು ಉಳಿದವನ್ನೂ ಕೊಲ್ಲಲೇಬೇಕು.

ಅವನು ಕೊಟ್ಟ ಮುಖಗವಸು, ಕೈಗವಸು ತೊಟ್ಟು ಅಕ್ಕ ತಟ್ಟೆಗೆ ಕಾಳು ಸುರಿದಳು. ದಿನವೂ ಮಾಡುವಂತೆ ಸೌಟಿನಿಂದ ಅದರ ಅಂಚು ಬಡಿದಳು. "ಬಾ ಬಾ ಬಾ... ಬನ್ರೇ ಹೊಟ್ಟೆಬಾಕಿಗಳಾ!" ಬೇಲಿ ಸಂದಿಯಿಂದ, ಸೌದೆ ರಾಶಿಯ ಹಿಂದಿನಿಂದ ಕೋಳಿಗಳು ಎದ್ದೆವೋ ಬಿದ್ದೆವೋ ಎಂದು ಓಡಿಬಂದು ಅವಳ ಕಾಲು ಮುತ್ತಿದವು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಏನೋ ಧೊಪ್ಪನೆ ಬಿತ್ತು. ಅಕ್ಕ ಬುಟ್ಟಿ ಕವುಚಿ ಬಚ್ಚಿಟ್ಟಿದ್ದ ಹೇಂಟೆ ಕುಂಟಿ ಹೊಸ್ತಿಲ ಮೇಲೆ ಕಾಣಿಸಿಕೊಂಡಳು. ಮರಿಯಾಗಿದ್ದಾಗ ಮುರಿದಿದ್ದ ಅವಳ ಕಾಲಿಗೆ ಪಟ್ಟಿ ಕಟ್ಟಿದವನು ಇದೇ ತಮ್ಮ. ತನ್ನ ಪಾಲು ಎಲ್ಲಿ ತಪ್ಪಿಹೋಗುತ್ತದೋ ಎಂಬ ಗಾಬರಿಯಲ್ಲಿ ಕುಪ್ಪಳಿಸುತ್ತ ಬಂದಳು.

ಅಕ್ಕನ ಸೌಟು ಅಲ್ಲೇ ನಿಂತಿತು. ತಮ್ಮ ಅವಳ ಮುಖ ನೋಡಲಾರದೆ ಕುಂಟಿಯತ್ತ ಬಗ್ಗಿದ. ಕುಂಟಿ ಓಡಲಿಲ್ಲ.

"ತಾಳೋ," ಎಂದಳು ಅಕ್ಕ. ಕುಕ್ಕರಗಾಲಲ್ಲಿ ಕೂತು, ಅಂಗೈ ತುಂಬ ಕಾಳು ಹಿಡಿದಳು. "ನಾನು ಕರೆದೆ ಅಂತ ಬಂದಿದ್ದಾಳೆ. ತಿಂದುಬಿಡಲಿ."