ಒಣಗದ ನೆಲ

ಗಂಡನ ಕೀಲುನೋವಿಗೆಂದೇ ಆಕೆ ಮಡಿಕೇರಿಯ ಹೊಸ ಮನೆಯಲ್ಲಿ ನೆಲದಡಿ ಬಿಸಿನೀರಿನ ಪೈಪು ಹಾಕಿಸಿ, ಮೇಲೆ ಸಿಮೆಂಟ್ ಗಾರೆ ಬಳಿಸಿದ್ದರು. ಗಾರೆ ಪೂರ್ತಿ ಒಣಗುವ ಮೊದಲು ಬಿಸಿ ಹರಿಸಿದರೆ ನೆಲ ಬಿರುಕು ಬಿಡುತ್ತದೆ, ಆರು ವಾರ ಕಾಯಿರಿ ಎಂದಿದ್ದ ಇಂಜಿನಿಯರ್.

ಈಗ ಹತ್ತನೆಯ ವಾರ. ಎಂದಿನ ಸೋಮವಾರದಂತೆ ಅವನು ತೇವ ಅಳೆಯುವ ಮೀಟರನ್ನು ನೆಲಕ್ಕೊತ್ತಿ ನೋಡಿದ. "ಇಲ್ಲ ಮೇಡಂ. ಮೇಲೆ ಒಣಗಿದೆ, ಒಳಗಿನ್ನೂ ಹಸಿ."

"ಹೋದ ವಾರಾನೂ ಇದನ್ನೇ ಹೇಳಿದ್ರಿ. ಬೆಳಿಗ್ಗೆ ಎದ್ರೆ ಅವರಿಗೆ ಪಾದ ಊರೋಕೇ ಆಗ್ತಿಲ್ಲ. ಈ ಚಳಿ ಮುಗಿಯೋವರೆಗೂ ನಾನು ಬಿಸಿನೀರಿನ ಚೀಲ ಹಿಡ್ಕೊಂಡು ಕೂತಿರ್ಲಾ?"

"ನಾನೇನು ಮಾಡ್ಲಿ ಹೇಳಿ? ಕಿಟಕಿ ಎಲ್ಲಾ ತೆರೆಸಿದೀನಿ, ಫ್ಯಾನ್ ಇಡ್ಸಿದೀನಿ. ಇಪ್ಪತ್ತು ವರ್ಷದಲ್ಲಿ ಇಂಥ ನೆಲ ನೋಡಿಲ್ಲ."

ಆಕೆ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಚೆಲುವಯ್ಯ ಹತ್ತಿರ ಬಂದ.

"ನನ್ನ ಕಡೆಯಿಂದ ಏನೂ ಕಮ್ಮಿ ಮಾಡಿಲ್ಲಮ್ಮ," ಎಂದ. "ನೆಲ ಬಿರುಕು ಬಿಡಬಾರ್ದು ಅಂತ ಮೊದಲ ದಿನಾನೇ ಹೇಳಿದ್ರಲ್ಲ. ನಾನು ಕಾದಿರೋ ಹೊಸ ಮನೆಗಳು ಒಂದಾ ಎರಡಾ? ಸಿಮೆಂಟನ್ನ ಹೆಂಗೆ ನೋಡ್ಕೋಬೇಕು ಅಂತ ನಂಗೆ ಗೊತ್ತು. ಬೆಳಿಗ್ಗೆ ಹತ್ತು ಕೊಡ, ಸಂಜೆ ಹತ್ತು ಕೊಡ ನೀರು ತಪ್ಪಿಸಿಲ್ಲ. ಭಾನುವಾರ, ಸೋಮವಾರ ಮಾತ್ರ ಹಾಕಲ್ಲ. ನೀವು ಬಂದಾಗ ಕಾಲು ಒದ್ದೆ ಆಗಬಾರ್ದಲ್ಲ."