ಸೋಮವಾರದ ನೀಲಿ

ಡಾಕ್ಟರು ಗಾಜಿನ ನಳಿಗೆಯಲ್ಲಿದ್ದ ನೀಲಿ ಔಷಧಕ್ಕೆ ಶೇಖಪ್ಪನ ಮೂತ್ರದ ಹನಿ ಬಿಟ್ಟು ಕುದಿಸಿದರು. ನೀಲಿ ಇದ್ದದ್ದು ನೀಲಿಯೇ ಉಳಿಯಿತು. ಕೆಂಪಾದರೆ ಸಕ್ಕರೆ ಉಂಟು, ನೀಲಿ ಉಳಿದರೆ ಇಲ್ಲ. ಇಷ್ಟನ್ನು ಶೇಖಪ್ಪ ಎಂದೋ ಕಲಿತಿದ್ದ. ಪರೀಕ್ಷೆ ಪಾಸಾದವನ ಹಾಗೆ ಹೆಂಡತಿ ಶಿವಗಂಗವ್ವನ ಕಡೆ ನೋಡಿ ಮೀಸೆ ತೀಡಿದ.

ಡಾಕ್ಟರಿಗೆ ಮಾತ್ರ ಖುಷಿಯಾಗಲಿಲ್ಲ. ಸಕ್ಕರೆ ಇಲ್ಲದೆಯೂ ಕಾಲ ಹೆಬ್ಬೆರಳಿನ ಹುಣ್ಣು ಮಾಯುತ್ತಿಲ್ಲ ಅಂದರೆ ಬೆರಳು ಕತ್ತರಿಸಿ ತೆಗೆಯುವುದೇ ಸೈ, ಗುರುವಾರ ಬನ್ನಿ ಎಂದರು. ಶಿವಗಂಗವ್ವ ಗಂಡನ ಕಾಲನ್ನೇ ನೋಡಿದಳು. ದಾಂಡೇಲಿ ಕಾಗದದ ಮಿಲ್ಲಿನಲ್ಲಿ ನಿಂತೇ ದುಡಿಯುವ ಗಂಡಸು; ಇವತ್ತು ಬೆರಳು, ನಾಳೆ ಪಾದ ಎಂದರೆ ಗತಿಯೇನು?

ಬೆಳಿಗ್ಗೆ ಏನು ತಿಂದಿರಿ ಎಂದು ಡಾಕ್ಟರು ಕೇಳಿದರು.

"ಹನಿ ನೀರೂ ಮುಟ್ಟಿಲ್ರಿ" ಎಂದ ಶೇಖಪ್ಪ ಹೆಮ್ಮೆಯಿಂದ. "ಸೋಮವಾರ ನಂದು ಕಡಕ್ ಉಪವಾಸ. ರಜಾನೂ ಸೋಮವಾರನ. ಅದಕ್ಕ ಯಾವಾಗ್ಲೂ ಸೋಮವಾರನ ಬರ್ತೇನ್ರಿ."

ಡಾಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡರು. ಹಸಿದ ಹೊಟ್ಟೆಯಲ್ಲಿ ಸಕ್ಕರೆ ಕಾಣದೆ ಹೋದೀತು, ಉಂಡ ಮೇಲೆ ನೋಡಬೇಕು, ಇದ್ದರೆ ಅದನ್ನು ಇಳಿಸಿ ಬೆರಳು ಉಳಿಸಬಹುದು ಎಂದು ಹೇಳಿ, ಒಂದು ನಳಿಗೆ, ಒಂದಿಷ್ಟು ನೀಲಿ ಔಷಧ ಶಿವಗಂಗವ್ವನ ಕೈಗಿತ್ತು, ಮಾಡುವ ಬಗೆ ತೋರಿಸಿದರು. ದಾರಿಯುದ್ದಕ್ಕೂ ಶೇಖಪ್ಪನದು ಒಂದೇ ಗೊಣಗಾಟ: ಚಹಾಕ್ಕೆ ಸಕ್ಕರೆ ಬಿಟ್ಟಾಯಿತು, ಹಬ್ಬದ ಸಿಹಿ ಮಾದಲಿಯನ್ನು ಮೂಸಿಯೂ ನೋಡುವುದಿಲ್ಲ, ಅನ್ನವೇನು ಸಿಹಿ ಇರುತ್ತದೆಯೆ? ಮೇಲಾಗಿ ವಾರಕ್ಕೊಂದು ಉಪವಾಸ ಎಲ್ಲವನ್ನೂ ತೊಳೆದು ಹಾಕುವುದಿಲ್ಲವೆ?

ಮಂಗಳವಾರ ಪಾಳಿ ಮುಗಿಸಿ ಬಂದವನು ಎಂದಿನಂತೆ ಗುಡ್ಡೆ ಅನ್ನ ಉಂಡ. ಶಿವಗಂಗವ್ವ ಕೇಳಿದಷ್ಟೂ ಬಡಿಸಿದಳು. ಅಡುಗೆಯ ಒಲೆಯ ಮೇಲೆ ಆ ಹೊಲಸು ಇಟ್ಟೀಯೆ ಜೋಕೆ ಎಂದು ಅತ್ತೆ ಕೂಗಾಡಿದಳು. ಸೊಸೆ ಹಿತ್ತಲಿನಲ್ಲಿ ಮೂರು ಇಟ್ಟಿಗೆ ಹೂಡಿ, ಹಳೆಯ ತಂಬಿಗೆಯಲ್ಲಿ ನೀರು ಕುದಿಸಿ, ನೀಲಿ ಔಷಧಕ್ಕೆ ಊಟದ ನಂತರದ ಮೂತ್ರದ ಹನಿ ಬಿಟ್ಟು ನಳಿಗೆಯನ್ನು ಅದರಲ್ಲಿ ನಿಲ್ಲಿಸಿದಳು. ಗಂಡನನ್ನು ಪಕ್ಕಕ್ಕೇ ಕೂರಿಸಿಕೊಂಡಳು.

ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ನೋಡನೋಡುತ್ತ ಒಲೆಯ ಇಟ್ಟಿಗೆಯಷ್ಟೇ ಕೆಂಪಗೆ ತಿರುಗಿತು. ಶೇಖಪ್ಪನ ಮುಖ ಸಪ್ಪಗಾಯಿತು. ಇದನ್ನು ಚೆಲ್ಲಿಬಿಡು, ಬರುವ ಸೋಮವಾರ ಮತ್ತೆ ನೀಲಿ ಆಗುತ್ತದೆ ಎಂದ ಮೆಲ್ಲಗೆ.

ಶಿವಗಂಗವ್ವ ನಳಿಗೆಯ ಬಾಯಿಗೆ ಅರಳೆ ತುರುಕಿ ಸೆರಗಿನಲ್ಲಿ ಸುತ್ತಿಕೊಂಡಳು. ಅವನ ಚಪ್ಪಲಿ ತಂದು ಮುಂದಿಟ್ಟಳು.

"ನಿಮ್ಮ ಸೋಮವಾರ ದೇವರಿಗಿರಲಿ. ಮಂಗಳವಾರದ್ದು ಡಾಕ್ಟರಿಗೆ ತೋರಸೂಣು. ಹೊಟ್ಟಿ ತುಂಬ ಉಂಡೀರಲ್ಲ, ಏಳ್ರಿ."