ಎಡಗಡೆಯ ಎಂಜಿನ್

ಅವಳು ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದಾಗ ಅವನು ಬಂದ. ಅವಳ ಗಂಡ ಹಾರಿಸುತ್ತಿದ್ದ ಎರಡು ಎಂಜಿನ್ನಿನ ಪುಟ್ಟ ವಿಮಾನಕ್ಕೆ ಇವನೇ ಮೆಕ್ಯಾನಿಕ್. ಅಣ್ಣಾ ಅಣ್ಣಾ ಎಂದು ವಾರಕ್ಕೆ ನಾಲ್ಕು ದಿನ ಅವರ ಮನೆಯಲ್ಲೇ ಉಣ್ಣುತ್ತಿದ್ದವನು. ಮಂಜಿನಲ್ಲಿ ರನ್‌ವೇ ಕಾಣದೆ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಲು ಹೋಗಿ ವಿಮಾನ ಗುಡ್ಡಕ್ಕೆ ಬಡಿದು, ಗಂಡ ಸತ್ತು ವರ್ಷವಾಗಿತ್ತು.

"ವಿಚಾರಣೆ ಮುಗೀತು ಅತ್ತಿಗೆ. ಪೈಲಟ್ಟಿಂದೇ ತಪ್ಪು ಅಂತ ಬರೆದಿದಾರೆ."

"ಎಡಗಡೆ ಎಂಜಿನ್ ಕೆಟ್ಟಿತ್ತು, ಅದಕ್ಕೇ ವಿಮಾನ ಮೇಲೇರ್ಲಿಲ್ಲ ಅಂತ ನೀನು ಹೇಳ್ಲಿಲ್ವೇನೋ? ಬಾಯಲ್ಲಿ ನಾನೇ ಹೇಳ್ತೀನಿ, ಅಣ್ಣ ಬರೆದಿಟ್ಟ ದೂರು ಮಾತ್ರ ಕಳಿಸ್ಬೇಡಿ ಅಂತ ಕೈಮುಗಿದಿದ್ಯಲ್ಲ?"

ಅವನು ಒಂದು ಹಿಡಿ ಕಾಳು ತೆಗೆದುಕೊಂಡು ತಾನೂ ಹಿದುಕತೊಡಗಿದ.

"ಎಂಜಿನ್ ಚೆನ್ನಾಗಿತ್ತು ಅಂದ್ಬಿಟ್ಟೆ. ಹೋದೋರು ಹೋದ್ರು, ನನ್ನ ಕೆಲ್ಸ ಆದ್ರೂ ಉಳೀಲಿ ಅಂತ. ಆ ದೂರು ಒಲೆಗೆ ಹಾಕಿದ್ರಿ ತಾನೆ?"

"ನೀನು ಅಷ್ಟು ಹೇಳಿದ್ಮೇಲೆ ಇಟ್ಕೋತೀನಾ? ಕೂತ್ಕೋ, ಉಂಡ್ಕೊಂಡು ಹೋಗು."

ಎರಡು ಸಲ ಸಾರು ಹಾಕಿಸಿಕೊಂಡು ಉಂಡು, ಅವನು ಹಗುರವಾಗಿ ಎದ್ದುಹೋದ.

ಗಂಡನ ಸಹಿಯ ಕೆಳಗೆ 'ಎಡಗಡೆಯ ಎಂಜಿನ್ ಹಾರಾಟಕ್ಕೆ ಯೋಗ್ಯವಲ್ಲ' ಎಂದು ಈ ಮೆಕ್ಯಾನಿಕ್ಕೇ ಕೈಯಾರೆ ಬರೆದು ಸಹಿ ಹಾಕಿದ್ದ ಆ ದೂರನ್ನು ಅವಳು ಅಂದೇ ಮಧ್ಯಾಹ್ನ ವಿಚಾರಣೆಯ ಅಧಿಕಾರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಳು.